ಮನೆಯ ಸಿಮ್ಯುಲೇಟರ್‌ನಲ್ಲಿ ಏನು ಕಲಿಯಬಹುದು, ಏನು ಕಲಿಯಬಾರದು

ಘಾಟ್ಕೋಪರ್‌ನಲ್ಲಿ ಹನ್ನೆರಡನೇ ತರಗತಿಯ ಮಕ್ಕಳು ಮತ್ತು ಪಾಲಕರ ಎದುರು ಆಡಿದ ಮಾತಿನ ಬರಹರೂಪ. ಆಡುಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.

ಹಿಂದೆ ಕೂತವರಿಗೆ ಕೇಳ್ತಾ ಉಂಟಲ್ಲ? ನಡುವೆ ವಿಮಾನದ ಸದ್ದು ಬಂದರೆ ನಾನು ಸ್ವಲ್ಪ ನಿಲ್ಲಿಸ್ತೇನೆ. ಘಾಟ್ಕೋಪರ್‌ನಲ್ಲಿ ಭಾಷಣ ಮಾಡುವವರಿಗೆಲ್ಲ ಇದು ಅಭ್ಯಾಸ ಆಗಿಬಿಟ್ಟಿದೆ.

ನಾನು ಪೈಲಟ್ ಪರೀಕ್ಷೆಗೆ ಓದುವ ಮಕ್ಕಳಿಗೆ ನ್ಯಾವಿಗೇಶನ್ ಮತ್ತು ಹವಾಮಾನದ ಪಾಠ ಹೇಳುವವನು. ಹೊಸದಾಗಿ ಬರುವ ತಂದೆತಾಯಿ ಸಾಮಾನ್ಯವಾಗಿ ಮೊದಲ ದಿನವೇ ಕೇಳುವ ಪ್ರಶ್ನೆ ಒಂದುಂಟು. "ಸರ್, ಮಗ ಮನೆಯಲ್ಲಿ ಕಂಪ್ಯೂಟರ್ ಮೇಲೆ ದಿನಾ ವಿಮಾನ ಹಾರಿಸ್ತಾನೆ, ಏರ್‌ಬಸ್ಸನ್ನೇ ಇಳಿಸ್ತಾನೆ. ಇದರಿಂದ ಟ್ರೈನಿಂಗ್ ಖರ್ಚು ಏನಾದರೂ ಕಡಿಮೆ ಆಗುತ್ತದಾ?" ಇದು ಸುಮ್ಮನೆ ಕೇಳುವ ಪ್ರಶ್ನೆ ಅಲ್ಲ. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ನಮ್ಮ ಡಿಜಿಸಿಎ 200 ಗಂಟೆ ಹಾರಾಟ ಕೇಳುತ್ತದೆ. ಸಣ್ಣ ಸೆಸ್ನಾ ವಿಮಾನದ ಒಂದು ಗಂಟೆಯೂ ಹತ್ತು ಹದಿನೈದು ಸಾವಿರಕ್ಕಿಂತ ಕಡಿಮೆಗೆ ಸಿಗುವುದಿಲ್ಲ. ಏರ್‌ಲೈನ್ ಕೆಡೆಟ್ ಕಾರ್ಯಕ್ರಮ ಅಂತ ಹೋದರೆ ಲೆಕ್ಕ ಕೋಟಿ ಮುಟ್ಟುತ್ತದೆ. ಊರಿನ ತೋಟದ ಮೇಲೆ ಸಾಲ ಎತ್ತಿದವರನ್ನೂ, ಇಲ್ಲಿನ ಖೋಲಿ ಮಾರಿ ಬಾಡಿಗೆ ಮನೆಗೆ ಹೋದವರನ್ನೂ ನಾನು ಬಲ್ಲೆ. ಹಾಗಾಗಿ ನೇರವಾಗಿ ಹೇಳ್ತೇನೆ: ಖರ್ಚು ಕಡಿಮೆಯೂ ಆಗಬಹುದು, ಜಾಸ್ತಿಯೂ ಆಗಬಹುದು. ಹುಡುಗ ಅದರ ಮುಂದೆ ಕೂತು ಏನು ಮಾಡ್ತಾನೆ ಎಂಬುದನ್ನು ನೋಡಬೇಕು.

ಮೊದಲು ಸ್ವಲ್ಪ ಇತಿಹಾಸ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬವರು ಮೊದಲ ಹೆಸರುವಾಸಿ ಸಿಮ್ಯುಲೇಟರ್ ಮಾಡಿದರು. ಅವರ ತಂದೆಯದು ಆರ್ಗನ್, ಪಿಯಾನೊ ತಯಾರಿಸುವ ಕಾರ್ಖಾನೆ. ನಮ್ಮ ಹಾರ್ಮೋನಿಯಂನಲ್ಲಿ ತಿದಿ ಇರುತ್ತದಲ್ಲ, ಆ ಜಾತಿಯ ಗಾಳಿಚೀಲಗಳ ಮೇಲೆ ಒಂದು ಪುಟ್ಟ ವಿಮಾನದ ಪೆಟ್ಟಿಗೆ ಕೂರಿಸಿ, ಅದು ವಾಲುವ ಹಾಗೆ, ತಿರುಗುವ ಹಾಗೆ ಮಾಡಿದರು. ಶುರುವಿನಲ್ಲಿ ಯಾರೂ ಅದನ್ನು ಗಂಭೀರವಾಗಿ ತಗೊಳ್ಳಲಿಲ್ಲ, ಜಾತ್ರೆ ಆಟದ ಸಾಮಾನು ಅಂದುಕೊಂಡರು. 1934ರಲ್ಲಿ ಅಮೆರಿಕದ ಸೇನೆಗೆ ಟಪಾಲು ಸಾಗಿಸುವ ಕೆಲಸ ಬಂತು. ಮಂಜು, ಹಿಮ, ರಾತ್ರಿಯಲ್ಲಿ ಹಾರಿ ಗೊತ್ತಿಲ್ಲದ ಪೈಲಟ್‌ಗಳು ಒಬ್ಬರ ಹಿಂದೆ ಒಬ್ಬರು ಸತ್ತರು. ಆಗ ಸೇನೆ ಲಿಂಕ್ ಅವರಿಂದ ಆರು ಯಂತ್ರ ಕೊಂಡಿತು. ಆ ಪೆಟ್ಟಿಗೆಯ ಮುಚ್ಚಳ ಎಳೆದರೆ ಹೊರಗೆ ಏನೂ ಕಾಣುತ್ತಿರಲಿಲ್ಲ. ಸೂರ್ಯಾಸ್ತ ಇಲ್ಲ, ಸಮುದ್ರ ಇಲ್ಲ, ಎದುರಿಗೆ ಮೀಟರುಗಳು ಮಾತ್ರ. ಮೀಟರ್ ನೋಡಿ ಹಾರುವುದನ್ನು ಕಲಿಸುವುದೇ ಅದರ ಕೆಲಸ ಆಗಿತ್ತು.

ಈಗ ನಮ್ಮ ಮಕ್ಕಳು ಮಾಡುವುದು ಇದಕ್ಕೆ ಪೂರ್ತಿ ತಿರುಗಾಮುರುಗ. 2020ರಲ್ಲಿ ಬಂದ ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ನಲ್ಲಿ ಇಡೀ ಭೂಮಿಯ ಚಿತ್ರ ಉಂಟು. ಹಾಗಾಗಿ ಮೊದಲ ದಿನವೇ ತಮ್ಮ ಬಿಲ್ಡಿಂಗ್ ಹುಡುಕಿ, ಅದರ ಸುತ್ತ ನಾಲ್ಕು ಸುತ್ತು ಹಾಕಿ, ಮೇಲಿನಿಂದ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕ್ತಾರೆ. ಹಾಕಲಿ, ಖುಷಿಯ ವಿಷಯವೇ. ಆದರೆ ಅದನ್ನು ಅಭ್ಯಾಸ ಅಂತ ಕರೆಯಬೇಡಿ.

ಮೀಟರ್ ನೋಡಿ ಹಾರುವುದು ಯಾಕೆ ಇಷ್ಟು ಮುಖ್ಯ ಎಂಬುದಕ್ಕೆ ಮುಂಬಯಿಯದೇ ಒಂದು ಘಟನೆ ಹೇಳ್ತೇನೆ. ಹಿರಿಯರಿಗೆ ನೆನಪಿರಬಹುದು. 1978ರ ಜನವರಿ 1, ಹೊಸ ವರ್ಷದ ರಾತ್ರಿ. ಏರ್ ಇಂಡಿಯಾದ 'ಎಂಪರರ್ ಅಶೋಕ' ಎಂಬ ಬೋಯಿಂಗ್ 747 ಸಾಂತಾಕ್ರೂಜ್‌ನಿಂದ ದುಬೈಗೆ ಹೊರಟಿತು. ಎದುರಿಗೆ ಅರಬ್ಬೀ ಸಮುದ್ರ, ಪೂರ್ತಿ ಕತ್ತಲೆ. ಬಲಕ್ಕೆ ಒಂದು ಸಣ್ಣ ತಿರುವು ತಗೊಂಡು ವಿಮಾನ ಮತ್ತೆ ಸಮ ಆಯಿತು, ಆದರೆ ಕ್ಯಾಪ್ಟನ್ ಎದುರಿನ ಕೃತಕ ದಿಗಂತದ ಮೀಟರ್ ಮಾತ್ರ ಇನ್ನೂ ಬಲಕ್ಕೆ ವಾಲಿದೆ ಅಂತಲೇ ತೋರಿಸುತ್ತಿತ್ತು. ಹೊರಗೆ ನೋಡಿದರೆ ಆಕಾಶ ಯಾವುದು, ನೀರು ಯಾವುದು ಅಂತ ಗೊತ್ತಾಗುವ ಹಾಗಿಲ್ಲ. ಕ್ಯಾಪ್ಟನ್ ಎಡಕ್ಕೆ ತಿರುಗಿಸುತ್ತಾ ಹೋದರು. ವಿಮಾನ ಎಡಕ್ಕೆ ಮಗುಚಿ ಬಾಂದ್ರಾದ ಆಚೆ ಸಮುದ್ರಕ್ಕೆ ಬಿತ್ತು. ನೆಲ ಬಿಟ್ಟು ಎರಡು ನಿಮಿಷವೂ ಆಗಿರಲಿಲ್ಲ. 213 ಜನ, ಒಬ್ಬರೂ ಉಳಿಯಲಿಲ್ಲ. ಕಾಕ್‌ಪಿಟ್‌ನಲ್ಲಿ ಇನ್ನೂ ದಿಗಂತದ ಮೀಟರುಗಳು ಇದ್ದವು. ಒಂದು ಮೀಟರ್ ಸುಳ್ಳು ಹೇಳಿದಾಗ ಉಳಿದವುಗಳನ್ನು ಕೇಳಿ, ಯಾವುದನ್ನು ನಂಬಬೇಕು ಅಂತ ಕೆಲವೇ ಸೆಕೆಂಡಿನಲ್ಲಿ ತೀರ್ಮಾನಿಸುವ ಕೆಲಸ ಅದು. ಪುಸ್ತಕ ಓದಿ ಇದು ಬರುವುದಿಲ್ಲ. ಕಣ್ಣಿಗೆ ರೂಢಿ ಆಗಬೇಕು.

ಈ ರೂಢಿಯನ್ನು ನಿಮ್ಮ ಮನೆಯ ಕಂಪ್ಯೂಟರ್ ಕಲಿಸಬಲ್ಲದು, ಚೆನ್ನಾಗಿಯೇ ಕಲಿಸಬಲ್ಲದು. ಹೇಗೆ ಅಂದರೆ, ಸೆಸ್ನಾ 172 ತಗೊಳ್ಳಿ, ಹಳೇ ಕಾಲದ ಆರು ಗುಂಡು ಮೀಟರ್ ಇರುವ ಮಾದರಿ. ಹೊರಗಿನ ಹವಾಮಾನ ಪೂರ್ತಿ ಮೋಡ ಅಂತ ಹಾಕಿ, ಕಿಟಕಿ ಬೆಳ್ಳಗಾಗಲಿ. 3000 ಅಡಿಯಲ್ಲಿ, 90 ನಾಟ್ ವೇಗದಲ್ಲಿ, ಸ್ಟ್ಯಾಂಡರ್ಡ್ ರೇಟ್ ತಿರುವು. ಅಂದರೆ ಸೆಕೆಂಡಿಗೆ 3 ಡಿಗ್ರಿ, ಎರಡು ನಿಮಿಷಕ್ಕೆ ಸರಿಯಾಗಿ ಒಂದು ಸುತ್ತು. ಫೋನಿನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಳ್ಳಿ. ಎತ್ತರ ನೂರು ಅಡಿಗಿಂತ ಜಾಸ್ತಿ ಆಚೀಚೆ ಆಗಬಾರದು. ಕೇಳಲಿಕ್ಕೆ ಸುಲಭ. ಏರ್‌ಬಸ್ ಇಳಿಸ್ತೇನೆ ಅಂದ ಹುಡುಗರಲ್ಲಿ ಇದನ್ನು ಮೊದಲ ಸಲಕ್ಕೇ ಮಾಡಿದವರನ್ನು ನಾನು ಇನ್ನೂ ಕಂಡಿಲ್ಲ.

ಒಂದು ವಾರ ಇದು ಸರಿ ಬಂದ ಮೇಲೆ ಸಿಮ್ಯುಲೇಟರ್‌ನ ಫೇಲ್ಯೂರ್ ಪಟ್ಟಿಗೆ ಹೋಗಿ ವ್ಯಾಕ್ಯೂಮ್ ಪಂಪ್ ಕೆಡಿಸಿ. ಯಾವಾಗ ಕೆಡಬೇಕು ಎಂಬುದನ್ನು ಅದಕ್ಕೇ ಬಿಡಿ, ನಿಮಗೆ ಗೊತ್ತಾಗಬಾರದು. ಕೃತಕ ದಿಗಂತ ನಿಧಾನಕ್ಕೆ, ಕಳ್ಳನ ಹಾಗೆ, ಒಂದು ಕಡೆ ವಾಲಲು ಶುರುಮಾಡುತ್ತದೆ. ದಿಕ್ಕು ತೋರಿಸುವ ಮೀಟರೂ ಹೋಗುತ್ತದೆ. ವಿದ್ಯುತ್‌ನಲ್ಲಿ ಓಡುವ ಟರ್ನ್ ಕೋಆರ್ಡಿನೇಟರ್, ವೇಗ, ಎತ್ತರ, ಮತ್ತೆ ಮೇಲೆ ಒದ್ದಾಡುತ್ತಿರುವ ಕಾಂಪಸ್, ಇಷ್ಟೇ ಉಳಿಯುವುದು. ಕೆಟ್ಟ ಮೀಟರಿನ ಮೇಲೆ ಒಂದು ಕಾಗದ ಅಂಟಿಸಿ, ಉಳಿದದ್ದರಲ್ಲಿ ಹಾರಿ. ನಿಜವಾದ ವಿಮಾನದಲ್ಲಿ ಇದನ್ನೇ ಕಲಿಯಲು ಗಂಟೆಗೆ ಸಾವಿರಾರು ರೂಪಾಯಿ. ಮನೆಯಲ್ಲಿ ಕರೆಂಟ್ ಬಿಲ್ ಮಾತ್ರ.

ಇದು ನನ್ನ ಒಬ್ಬನ ಅಭಿಪ್ರಾಯ ಅಲ್ಲ. 1990ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಸಾಧಾರಣ ಪಿಸಿಯಲ್ಲಿ ಕಲಿತ ವಿದ್ಯಾರ್ಥಿಗಳನ್ನೂ, ನೇರ ವಿಮಾನದಲ್ಲೇ ಕಲಿತವರನ್ನೂ ಹೋಲಿಸಿ ನೋಡಿದರು. ಮೀಟರ್ ಹಾರಾಟದ ಹೊಸ ಪಾಠಗಳಲ್ಲಿ ಪಿಸಿಯಿಂದ ಉಳಿತಾಯ ಚೆನ್ನಾಗಿ ಕಂಡಿತು. ಆದರೆ ಒಮ್ಮೆ ಕಲಿತು ಮುಗಿದದ್ದನ್ನೇ ಮತ್ತೆ ಮತ್ತೆ ಪಿಸಿಯಲ್ಲಿ ಮಾಡಿದಾಗ ಲಾಭ ತುಂಬ ಕಡಿಮೆ ಆಯಿತು. ಈ ಎರಡನೇ ಮಾತನ್ನು ಮಕ್ಕಳು ಗಮನಿಸಬೇಕು. ಬಂದದ್ದನ್ನೇ ನೂರು ಸಲ ಮಾಡುವುದು ಮನಸ್ಸಿಗೆ ಹಿತ, ಅಷ್ಟೇ.

ನೋಡಿ, ಈಗ ಹೋಯಿತಲ್ಲ ಒಂದು. ಇದನ್ನೇ ಲೆಕ್ಕಕ್ಕೆ ತಗೊಳ್ಳುವ. ಮುಂಬಯಿಯ ಮುಖ್ಯ ರನ್‌ವೇಗೆ ಪೂರ್ವದಿಂದ ಇಳಿಯುವಾಗ ಅದರ ಹೆಸರು 27. ವಿಮಾನಗಳು ಥಾಣೆ ಖಾಡಿ ದಾಟಿ, ಘಾಟ್ಕೋಪರ್ ಮೇಲಿಂದ ಹೋಗುತ್ತವೆ. ಇಳಿಜಾರು 3 ಡಿಗ್ರಿ ಅಂದರೆ ಪ್ರತಿ ನಾಟಿಕಲ್ ಮೈಲಿಗೆ ಸುಮಾರು 300 ಅಡಿ. ನಮ್ಮ ಸ್ಟೇಷನ್‌ನಿಂದ ರನ್‌ವೇ ತುದಿಗೆ ಒಂದೂಕಾಲು, ಒಂದೂವರೆ ನಾಟಿಕಲ್ ಮೈಲಿ ಹಿಡಿಯಿರಿ. ಹಾಗಾದರೆ ವಿಮಾನ ಇಲ್ಲಿ ಎಷ್ಟು ಎತ್ತರದಲ್ಲಿ ಇರಬೇಕು? ಹೌದು, ನಾನೂರು ಐನೂರು ಅಡಿ. ವೇಗ 140 ನಾಟ್ ಇದ್ದರೆ ಅದನ್ನು 5ರಿಂದ ಗುಣಿಸಿ, ನಿಮಿಷಕ್ಕೆ 700 ಅಡಿ ಇಳಿಯಬೇಕು. ಇನ್ನು ಮುಂದೆ ಪ್ಲಾಟ್‌ಫಾರ್ಮ್‌ನಲ್ಲಿ ಫಾಸ್ಟ್ ಲೋಕಲ್‌ಗೆ ಕಾಯುವಾಗ ತಲೆ ಎತ್ತಿ ಇದನ್ನೇ ಲೆಕ್ಕ ಹಾಕಿ. ಮನೆಗೆ ಹೋಗಿ ಸಿಮ್ಯುಲೇಟರ್‌ನಲ್ಲಿ ಜೂನ್ ತಿಂಗಳ ಮಳೆ ಹಾಕಿ, ಮೋಡದ ತಳ 600 ಅಡಿ ಇಡಿ, ಹತ್ತು ಮೈಲಿ ಆಚೆಯಿಂದ ಐಎಲ್‌ಎಸ್ ಹಿಡಿದು ಬನ್ನಿ. ಸರಿಯಾಗಿ ಬಂದಿದ್ದರೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯ ಆಸುಪಾಸಿನಲ್ಲಿ ಮೋಡದಿಂದ ಹೊರಬೀಳ್ತೀರಿ. ಆಗ ರನ್‌ವೇ ಎದುರಿಗೇ ಇರಬೇಕು. ಇಲ್ಲದಿದ್ದರೆ ಎಲ್ಲಿ ತಪ್ಪಿತು ಅಂತ ಬರೆದಿಡಿ.

ಇನ್ನು ಕಲಿಯಬಾರದ ವಿಷಯ. ಇದರಲ್ಲಿ ಸ್ವಲ್ಪ ನಿಷ್ಠುರವಾಗಿ ಮಾತಾಡಬೇಕಾಗುತ್ತದೆ.

ಮೊದಲ 30, 40 ಗಂಟೆ ನಿಜವಾದ ಹಾರಾಟದಲ್ಲಿ ಬೋಧಕರು ಬಯಸುವುದು ಹೊರಗೆ ನೋಡುವ ಕಣ್ಣು. ಮೂಗಿನ ಮೇಲೆ ದಿಗಂತ ಎಲ್ಲಿ ಕೂತಿದೆ, ಬೇರೆ ವಿಮಾನ ಎಲ್ಲಿದೆ ಅಂತ. ಸಿಮ್ಯುಲೇಟರ್ ಮೇಲೆ ಬೆಳೆದ ಹುಡುಗನಿಗೆ ಹೊರಗೆ ನೋಡಲಿಕ್ಕೆ ಮನಸ್ಸೇ ಬರುವುದಿಲ್ಲ. ಪಂತ್‌ನಗರದ ನನ್ನ ಒಬ್ಬ ವಿದ್ಯಾರ್ಥಿ, ಬುದ್ಧಿವಂತ ಹುಡುಗ, ಸಾವಿರ ಗಂಟೆ ಸಿಮ್ಯುಲೇಟರ್ ಮಾಡಿದವ. ಮೂರನೇ ದಿನ ಅವನ ಬೋಧಕರು ಮೀಟರುಗಳ ಮೇಲೆ ಒಂದು ನ್ಯಾಪ್‌ಕಿನ್ ಹೊದಿಸಿಬಿಟ್ಟರಂತೆ. "ಸರ್, ಕುರುಡನ ಹಾಗೆ ಆಯಿತು" ಅಂದ ಫೋನಿನಲ್ಲಿ. ಆ ಕಣ್ಣಿನ ಅಭ್ಯಾಸ ಬಿಡಿಸಲು ಅವನಿಗೆ ಐದಾರು ಗಂಟೆ ಜಾಸ್ತಿ ಬೇಕಾಯಿತು. ಐದಾರು ಗಂಟೆ ಎಂದರೆ ಎಷ್ಟು ದುಡ್ಡು ಅಂತ ನೀವೇ ಲೆಕ್ಕ ಹಾಕಿ.

ಕಾಲಿನದ್ದು ಇನ್ನೊಂದು ಕತೆ. ಸೆಸ್ನಾ ನೆಲದ ಮೇಲೆ ತಿರುಗುವುದು ಪಾದದಿಂದ. ಮೇಲೇರುವಾಗ ಬಲಗಾಲು ಒತ್ತಿಯೇ ಇರಬೇಕು, ಇಲ್ಲದಿದ್ದರೆ ಮೂಗು ಎಡಕ್ಕೆ ಎಳೆಯುತ್ತದೆ. ಮನೆಯಲ್ಲಿ ಏನಾಗುತ್ತದೆ? ಆಟೊ ರಡ್ಡರ್ ಆನ್ ಇರುತ್ತದೆ, ಕಾಲು ಮಂಚದ ಮೇಲೆ ಇರುತ್ತದೆ. ಕಡೇಪಕ್ಷ ಆಟೊ ರಡ್ಡರ್ ತೆಗೆದುಹಾಕಿ. ಟ್ರಿಮ್ ಕೂಡ ಹಾಗೆಯೇ. ನಿಜವಾದ ವಿಮಾನದಲ್ಲಿ ಟ್ರಿಮ್ ಸರಿ ಇಲ್ಲ ಎಂಬುದನ್ನು ಕೈಗೆ ಬೀಳುವ ಭಾರ ಹೇಳುತ್ತದೆ. ನಾಲ್ಕೈದು ಸಾವಿರದ ಜಾಯ್‌ಸ್ಟಿಕ್‌ನಲ್ಲಿ ಸ್ಪ್ರಿಂಗ್ ಮಾತ್ರ ಉಂಟು. ಅದಕ್ಕೆ ಯಾವ ವೇಗವೂ ಒಂದೇ, ಯಾವ ಭಾರವೂ ಒಂದೇ.

ಎಲ್ಲಕ್ಕಿಂತ ದೊಡ್ಡದು ಸ್ಟಾಲ್. ರೆಕ್ಕೆಯ ಕೋನ ಮಿತಿ ಮೀರಿ, ಎತ್ತಿ ಹಿಡಿಯುವ ಶಕ್ತಿ ಕುಸಿಯುವುದು. ಇದರ ಬಗ್ಗೆ ಘಾಟ್ಕೋಪರ್‌ನವರಿಗೆ ನಾನು ಹೇಳಿ ಗೊತ್ತಾಗಬೇಕಾದ್ದಿಲ್ಲ. 2018ರ ಜೂನ್ 28, ಮಧ್ಯಾಹ್ನ, ಮಳೆ. ಜುಹುವಿನಿಂದ ಪರೀಕ್ಷಾ ಹಾರಾಟಕ್ಕೆ ಹೊರಟಿದ್ದ ಕಿಂಗ್ ಏರ್ ಸಿ90 ವಿಮಾನ ಸರ್ವೋದಯ ನಗರದ ಜೀವದಯಾ ಲೇನ್‌ನಲ್ಲಿ, ಕಟ್ಟಡದ ಕೆಲಸ ನಡೆಯುತ್ತಿದ್ದ ಜಾಗದಲ್ಲಿ ಬಿತ್ತು. ಒಳಗಿದ್ದ ನಾಲ್ವರೂ, ಕೆಳಗೆ ರಸ್ತೆಯಲ್ಲಿದ್ದ ಒಬ್ಬರೂ ಹೋದರು. ಈ ಸಭೆಯಲ್ಲಿಯೇ ಆ ಹೊಗೆ ಕಂಡವರು ಇರಬಹುದು. ತನಿಖಾ ವರದಿ ಕಾರಣ ಅಂತ ಹೇಳಿದ್ದು ಕಡಿಮೆ ಎತ್ತರದಲ್ಲಿ ಆದ ಸ್ಟಾಲ್, ಅಲ್ಲಿಂದ ಚೇತರಿಸಿಕೊಳ್ಳಲು ಸಾಧ್ಯ ಆಗಲಿಲ್ಲ ಅಂತ. ಹಾರಿಸುತ್ತಿದ್ದವರು ಅನುಭವಸ್ಥರು. ಅವರ ಬಗ್ಗೆ ತೀರ್ಪು ಕೊಡಲು ನಾನು ಇಲ್ಲಿ ನಿಂತಿಲ್ಲ.

ನಾನು ಹೇಳುವುದು ಸಿಮ್ಯುಲೇಟರ್ ಬಗ್ಗೆ. ಪರದೆಯ ಮೇಲೆ ಸ್ಟಾಲ್ ಅಂದರೆ ಒಂದು ಪೀಂ ಅನ್ನುವ ಸದ್ದು, ಮೂಗು ಸ್ವಲ್ಪ ಕೆಳಗೆ, ಮುಗಿಯಿತು. ನಿಜದಲ್ಲಿ ಒಂದು ರೆಕ್ಕೆ ಮೊದಲು ಬೀಳುತ್ತದೆ, ಕೂತ ಸೀಟು ಕೆಳಗಿನಿಂದ ಜಾರಿದ ಹಾಗೆ ಆಗುತ್ತದೆ, ಹೊಟ್ಟೆ ಗಂಟಲಿಗೆ ಬರುತ್ತದೆ, ಕೈ ತಾನಾಗಿ ಹಿಂದಕ್ಕೆ ಎಳೆಯುತ್ತದೆ. ಎಳೆದರೆ ಇನ್ನೂ ಕೆಡುತ್ತದೆ. ಕೋಟಿಗಟ್ಟಲೆ ಬೆಲೆಯ ಏರ್‌ಲೈನ್ ಸಿಮ್ಯುಲೇಟರ್‌ಗಳಲ್ಲೂ ಪೂರ್ತಿ ಸ್ಟಾಲ್‌ನ ನಡವಳಿಕೆ ಸರಿಯಾಗಿ ಇರಲಿಲ್ಲ. 2009ರಲ್ಲಿ ಅಮೆರಿಕದ ಬಫಲೊ ಹತ್ತಿರದ ಅಪಘಾತ, ಅಟ್ಲಾಂಟಿಕ್ ಮೇಲೆ ಏರ್ ಫ್ರಾನ್ಸ್ 447ರ ಅಪಘಾತ ಆದ ಮೇಲೆಯೇ ಜಗತ್ತು ಎಚ್ಚೆತ್ತದ್ದು. ಅಮೆರಿಕದಲ್ಲಿ ಏರ್‌ಲೈನ್ ಪೈಲಟ್‌ಗಳಿಗೆ ಸಿಮ್ಯುಲೇಟರ್‌ನಲ್ಲಿ ಪೂರ್ತಿ ಸ್ಟಾಲ್ ತರಬೇತಿ ಕಡ್ಡಾಯ ಆದದ್ದು 2019ರಲ್ಲಿ. ಹಾಗಿರುವಾಗ ಲ್ಯಾಮಿಂಗ್ಟನ್ ರೋಡಿನಿಂದ ತಂದ ಪಿಸಿಯಲ್ಲಿ ಸ್ಟಾಲ್ ಕಲಿತೆ ಅಂತ ದಯವಿಟ್ಟು ಹೇಳಬೇಡಿ. ಕ್ರಮ ಬಾಯಿಪಾಠ ಮಾಡಿ, ಸಾಕು. ಉಳಿದದ್ದನ್ನು ಬೋಧಕರ ಪಕ್ಕ ಕೂತು, ಸಾವಿರಾರು ಅಡಿ ಎತ್ತರದಲ್ಲಿ ಕಲಿಯಿರಿ.

ಪಕ್ಕ ಕೂತು ಅಂದೆ. ಮನೆಯ ಸಿಮ್ಯುಲೇಟರ್‌ನಲ್ಲಿ ಪಕ್ಕದಲ್ಲಿ ಯಾರೂ ಇರುವುದಿಲ್ಲ, ಇದೂ ಒಂದು ಕೊರತೆ. ನಮ್ಮಲ್ಲಿ ಹೆಚ್ಚಿನವರು ಊರಿಗೆ ಅಂತ ಮಂಗಳೂರಿಗೆ ಹೋಗುವವರೇ. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಬಜ್ಪೆಯಲ್ಲಿ ಏನಾಯಿತು ಅಂತ ಯಾರಿಗೂ ಮರೆತಿಲ್ಲ. 158 ಜನ ಹೋದರು, ಎಂಟು ಜನ ಉಳಿದರು. ವಿಮಾನ ಇರಬೇಕಾದ್ದಕ್ಕಿಂತ ತುಂಬ ಎತ್ತರದಲ್ಲಿ ಬಂತು. ಸುಮಾರು 8000 ಅಡಿ ರನ್‌ವೇಯಲ್ಲಿ 5200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಪಕ್ಕದಲ್ಲಿದ್ದ ಫಸ್ಟ್ ಆಫೀಸರ್ ಗೋ ಅರೌಂಡ್, ಅಂದರೆ ಇಳಿಯುವುದು ಬೇಡ, ಮೇಲೆ ಹೋಗುವ ಅಂತ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದರು. ವಿಚಾರಣಾ ನ್ಯಾಯಾಲಯದ ವರದಿಯಲ್ಲಿ ಅದು ಉಂಟು.

ಮನೆಯಲ್ಲಿ ಸಾವಿರ ಸಲ ಇಳಿಸಿದ ಹುಡುಗನನ್ನು ಕೇಳಿ, ಗೋ ಅರೌಂಡ್ ಎಷ್ಟು ಸಲ ಮಾಡಿದ್ದೀ ಅಂತ. ಹತ್ತೂ ಇರುವುದಿಲ್ಲ. ಯಾಕಂದರೆ ಹೇಗೋ ಎಳೆದು ಇಳಿಸಿದರೂ ಅಲ್ಲಿ ಯಾರಿಗೂ ಏನೂ ಆಗುವುದಿಲ್ಲ, ಕೆಟ್ಟರೆ ರೀಸ್ಟಾರ್ಟ್ ಉಂಟು. ಇದರಿಂದ ಕೈಗೆ ಬರುವ ಅಭ್ಯಾಸ ಒಂದೇ: ಹೇಗಾದರೂ ಇಳಿಸಿಯೇ ಸಿದ್ಧ. ಹಾಗಾಗಿ ನನ್ನ ಮಕ್ಕಳಿಗೆ ಒಂದು ನಿಯಮ ಮಾಡಿದ್ದೇನೆ. 500 ಅಡಿಯಲ್ಲಿ, ಅಂದರೆ ಇಲ್ಲಿ ಘಾಟ್ಕೋಪರ್ ತಲೆಯ ಮೇಲೆ, ವೇಗ, ಇಳಿಯುವ ಗತಿ, ನೇರ, ಫ್ಲ್ಯಾಪ್, ಚಕ್ರ, ಇವುಗಳಲ್ಲಿ ಒಂದು ತಪ್ಪಿದ್ದರೂ ಗಟ್ಟಿಯಾಗಿ "ಗೋ ಅರೌಂಡ್" ಅಂತ ಹೇಳಿ ಮೇಲೆ ಹೋಗಬೇಕು. ಹೋಗದೆ ಇಳಿಸಿದರೆ, ಎಷ್ಟೇ ನಯವಾಗಿ ಇಳಿಸಿರಲಿ, ಅದನ್ನು ಪುಸ್ತಕದಲ್ಲಿ ಅಪಘಾತ ಅಂತ ಬರೆಯಬೇಕು. ತಂಗಿಯನ್ನೋ ಗೆಳೆಯನನ್ನೋ ಪಕ್ಕ ಕೂರಿಸಿ, ಚೆಕ್‌ಲಿಸ್ಟ್ ಓದಲು ಹೇಳಿ. ತಂಗಿ "ಅಣ್ಣಾ, ಸ್ಪೀಡ್ ಜಾಸ್ತಿ ಆಯ್ತು" ಅಂದಾಗ ಸಿಟ್ಟು ಬರದೆ "ಸರಿಮಾಡ್ತೇನೆ" ಅನ್ನಲಿಕ್ಕೆ ಬಂದರೆ ಏರ್‌ಲೈನ್ ಕೆಲಸದ ಅರ್ಧ ಪಾಠ ಆಯಿತು, ಮಾರಾಯ್ರೆ. ಇನ್ನು ಪಾಸ್ ಗುಂಡಿ. ಅದನ್ನು ಕೀಬೋರ್ಡಿನಿಂದ ಕಿತ್ತುಹಾಕಿದರೂ ತಪ್ಪಿಲ್ಲ.

ಈಗ ದೊಡ್ಡ ಕಂಪ್ಯೂಟರ್ ಇಲ್ಲದವರ ಮಾತು. ಇಲ್ಲಿ ಅರ್ಧ ಜನ ಒಂದು ರೂಮ್ ಕಿಚನ್‌ನಲ್ಲಿ ಇರುವವರು. ಅಪ್ಪ ಹೋಟೆಲ್ ಡ್ಯೂಟಿ ಮುಗಿಸಿ ರಾತ್ರಿ ಒಂದಕ್ಕೆ ಬಂದು ಮಲಗಿರ್ತಾರೆ, ಅಲ್ಲಿ ಎಂಜಿನ್ ಸದ್ದು ಮಾಡಲಿಕ್ಕೆ ಆಗುತ್ತದಾ? ಬೇಡ. ನಿಜ ಹೇಳಬೇಕಂದರೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಸಿಮ್ಯುಲೇಟರ್‌ಗೆ ಕರೆಂಟೇ ಬೇಡ. ನೀವು ಕಲಿಯಲಿರುವ ವಿಮಾನದ ಕಾಕ್‌ಪಿಟ್ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿ, ಎದುರು ಕುರ್ಚಿ ಹಾಕಿ ಕೂರಿ. ಎಂಜಿನ್ ಸ್ಟಾರ್ಟ್‌ನಿಂದ ಶುರುಮಾಡಿ ಒಂದೊಂದು ಸ್ವಿಚ್ಚನ್ನೂ ಬೆರಳಿನಿಂದ ಮುಟ್ಟಿ, ಬಾಯಲ್ಲಿ ಹೇಳಿ. ಎಂಜಿನ್ ನಿಂತರೆ ಏನು? ಮೂಗು ಕೆಳಗೆ, ವೇಗ 65, ಕೆಲವು ಮಾದರಿಯಲ್ಲಿ 68, ಇಳಿಯುವ ಜಾಗ, ಇಂಧನದ ಸ್ವಿಚ್, ಮಿಕ್ಸ್ಚರ್, ಮ್ಯಾಗ್ನೆಟೊ, ರೇಡಿಯೊ. ಕೈ ತಾನಾಗಿ ಹೋಗುವವರೆಗೆ ಮಾಡಿ. ಇದನ್ನು ಪೈಲಟ್‌ಗಳು ಕುರ್ಚಿ ಹಾರಾಟ ಅಂತಾರೆ, ಏರ್‌ಲೈನ್‌ನಲ್ಲಿ ಟೈಪ್ ರೇಟಿಂಗ್ ಮಾಡುವವರೂ ಹೋಟೆಲ್ ರೂಮಿನಲ್ಲಿ ಗೋಡೆಗೆ ಪೋಸ್ಟರ್ ಅಂಟಿಸಿ ಇದನ್ನೇ ಮಾಡುವುದು.

ರೇಡಿಯೊ ಮಾತಿಗೆ ವ್ಯಾಟ್‌ಸಿಮ್ ಎಂಬ ಜಾಲ ಉಂಟು. ಸ್ವಯಂಸೇವಕರು ಕಂಟ್ರೋಲರ್ ಆಗಿ ಕೂತಿರ್ತಾರೆ, ಪುಕ್ಕಟೆ. ಅದೂ ಆಗದಿದ್ದರೆ ನನ್ನ ಇಬ್ಬರು ವಿದ್ಯಾರ್ಥಿನಿಯರು ಮಾಡಿದ ಉಪಾಯ ಮಾಡಿ. ಒಬ್ಬಳು ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶವಾಗಿ ಕ್ಲಿಯರೆನ್ಸ್ ಕಳಿಸುವುದು, ಇನ್ನೊಬ್ಬಳು ಒಂದೇ ಸಲ ಕೇಳಿ, ಬರೆದುಕೊಂಡು, ತಿರುಗಿ ಓದಿ ಕಳಿಸುವುದು. ಲೋಕಲ್ ಟ್ರೇನ್ ಗದ್ದಲದಲ್ಲೇ ಮಾಡ್ತಿದ್ದರು. ರೇಡಿಯೊ ಪರೀಕ್ಷೆಯಲ್ಲಿ ಇಬ್ಬರಿಗೂ ಕಷ್ಟ ಆಗಲಿಲ್ಲ.

ನಿಯಮದ ಮಾತು ಬೇಗ ಮುಗಿಸ್ತೇನೆ. ಮನೆಯ ಸಿಮ್ಯುಲೇಟರ್‌ನ ಒಂದು ನಿಮಿಷವೂ ಲಾಗ್‌ಬುಕ್‌ಗೆ ಸೇರುವುದಿಲ್ಲ. ಡಿಜಿಸಿಎ ಒಪ್ಪಿದ ಯಂತ್ರದಲ್ಲಿ, ಬೋಧಕರ ಜೊತೆ ಮಾಡಿದ ಗಂಟೆಗಳಿಗೆ ಮಾತ್ರ ಲೆಕ್ಕ, ಅದಕ್ಕೂ ಮಿತಿ ಉಂಟು. "ನಮ್ಮ ಸಿಮ್ಯುಲೇಟರ್ ಕೋರ್ಸ್ ಮಾಡಿದರೆ ಲೈಸೆನ್ಸ್ ಗಂಟೆ ಕಡಿಮೆ ಆಗುತ್ತದೆ" ಅಂತ ಯಾರಾದರೂ ಮಾಲ್‌ನಲ್ಲಿ ಚೀಟಿ ಹಂಚಿದರೆ, ಡಿಜಿಸಿಎ ಒಪ್ಪಿಗೆ ಪತ್ರ ತೋರಿಸಿ ಅಂತ ಕೇಳಿ. ಹನ್ನೆರಡರಲ್ಲಿ ಭೌತಶಾಸ್ತ್ರ, ಗಣಿತ ಬೇಕು.

ಕೊನೆಗೆ ಪಾಲಕರಿಗೆ, ದುಡ್ಡಿನ ಕ್ರಮ. ಲಕ್ಷ ರೂಪಾಯಿಯ ಗೇಮಿಂಗ್ ಪಿಸಿ ಕೊಳ್ಳುವ ಮೊದಲು ಮಗನನ್ನೋ ಮಗಳನ್ನೋ ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರ ಹತ್ತಿರ ಕರಕೊಂಡು ಹೋಗಿ ಕ್ಲಾಸ್ 2 ಮೆಡಿಕಲ್ ಮಾಡಿಸಿ. ಸಾಲಕ್ಕೆ ಬ್ಯಾಂಕಿಗೆ ಹೋಗುವ ಮೊದಲು ಕ್ಲಾಸ್ 1 ಕೂಡ ಕೈಗೆ ಬಂದಿರಲಿ. ಬಣ್ಣ ಗುರುತಿಸುವುದರಲ್ಲಿ ತೊಂದರೆ ಉಂಟು ಅಂತ ಅರ್ಧ ದುಡ್ಡು ಕಟ್ಟಿದ ಮೇಲೆ ಗೊತ್ತಾದ ಮನೆಯನ್ನು ನಾನು ನೋಡಿದ್ದೇನೆ. ಮೆಡಿಕಲ್ ಆದ ಮೇಲೆ ಗೋಡೆಗೆ ಪೋಸ್ಟರ್, ಮನೆಯಲ್ಲಿ ಇರುವ ಲ್ಯಾಪ್‌ಟಾಪಿನಲ್ಲಿ ಓಡುವ ಹಳೇ ಸಿಮ್ಯುಲೇಟರ್, ಫ್ಲೈಟ್‌ಗಿಯರ್ ಆದರೆ ಪುಕ್ಕಟೆಯೇ, ಒಂದು ಸಾಧಾರಣ ಜಾಯ್‌ಸ್ಟಿಕ್. ಎರಡು ತಿಂಗಳು ಆ ಎರಡು ನಿಮಿಷದ ಸುತ್ತು ಹಾಕಲಿ. ಸ್ಟಾಪ್‌ವಾಚ್ ನೀವೇ ಹಿಡಿಯಿರಿ.

ಪ್ರಶ್ನೆ ಇದ್ದವರು ಕೈ ಎತ್ತಿ. ಹಾಂ, ಆ ಅಮ್ಮ ಮೊದಲು ಕೇಳಲಿ.